ಎವ್ಲಿನ್ ಟೀಚರಿಗೆ ನಾನು ಹಾಕಿದ ತಪ್ಪು ಗುರುತು

ಅಮೆರಿಕದ ಸ್ಯಾನ್ ಹೊಸೆಯ ಪುನರ್ವಸತಿ ಆಸ್ಪತ್ರೆಯೊಂದರಲ್ಲಿ ಇಪ್ಪತ್ತಾರು ವರ್ಷ ಸ್ಪೀಚ್ ಥೆರಪಿಸ್ಟ್ ಆಗಿದ್ದು ನಾನು ಕಳೆದ ವರ್ಷ ನಿವೃತ್ತಳಾದೆ. ಅದಕ್ಕೆ ಆರು ವರ್ಷ ಮುಂಚೆ ಎಪ್ಪತ್ತೊಂದು ವಯಸ್ಸಿನ ಎವ್ಲಿನ್ ನನ್ನಲ್ಲಿಗೆ ಬಂದರು. ಸ್ಟ್ರೋಕಿನಿಂದ ಅವರಿಗೆ ಅಫೇಸಿಯಾ ಆಗಿತ್ತು. ಅಂದರೆ ಹೇಳಬೇಕಾದ್ದು ಮನಸ್ಸಿನಲ್ಲಿದ್ದರೂ ಪದ ಬಾಯಿಗೆ ಬಾರದ ಸ್ಥಿತಿ.

ಮೂರು ವಾರ ಚಿತ್ರದ ಕಾರ್ಡುಗಳನ್ನು ತೋರಿಸಿದೆ. ನೀರಿನ ಲೋಟ ಕಂಡಾಗಲೆಲ್ಲ ಅವರು “ತೋ” ಎನ್ನುತ್ತಿದ್ದರು. ಫೈಲಿನಲ್ಲಿ ‘ಭಾಷೆ: ಇಂಗ್ಲಿಷ್’ ಎಂದಿತ್ತು. ಹಾಗಾಗಿ ‘ಅರ್ಥವಿಲ್ಲದ ಸದ್ದು’ ಎಂದು ಬರೆದು ತಪ್ಪು ಗುರುತು ಹಾಕುತ್ತಿದ್ದೆ. ಕೊನೆಗೆ, ಥೆರಪಿ ಮುಂದುವರಿಸಿ ಪ್ರಯೋಜನವಿಲ್ಲವೆಂಬ ವರದಿಯನ್ನೂ ಸಿದ್ಧಮಾಡಿದೆ. ಅದು ವಿಮಾ ಕಂಪನಿಗೆ ಹೋದರೆ ಚಿಕಿತ್ಸೆ ನಿಂತಂತೆಯೇ.

ಅಂದು ಅವರ ಮಗಳು ಡಾನಾ ಮೊದಲ ಬಾರಿಗೆ ಒಳಗೆ ಬಂದು ಕುಳಿತಳು. ನಾನು ತಪ್ಪು ಗುರುತು ಹಾಕುವುದನ್ನು ಕಂಡು, “ಯಾಕೆ ತಪ್ಪು? ನವಾಹೋದಲ್ಲಿ ತೋ ಅಂದ್ರೆ ನೀರು,” ಎಂದಳು. ಆಮೇಲೆ ಹೇಳಿದಳು: “ಬೋರ್ಡಿಂಗ್ ಸ್ಕೂಲಲ್ಲೂ ಅಮ್ಮನ ಮಾತಿಗೆ ತಪ್ಪು ಅಂತಲೇ ಹಾಕ್ತಿದ್ರು.”

ನವಾಹೋ ಅಮೆರಿಕದ ಮೂಲನಿವಾಸಿಗಳ ಒಂದು ಭಾಷೆ; ಆ ಮಕ್ಕಳನ್ನು ಬೋರ್ಡಿಂಗ್ ಸ್ಕೂಲಿಗೆ ಒಯ್ದು ಅವರ ಮಾತನ್ನು ಬಿಡಿಸುತ್ತಿದ್ದ ಕಾಲವೊಂದಿತ್ತು. ಎವ್ಲಿನ್ ಕವಯಿತ್ರಿ, ಪ್ರತಿ ಶನಿವಾರ ತಮ್ಮವರ ಮಕ್ಕಳಿಗೆ ನವಾಹೋ ಕಲಿಸುತ್ತಿದ್ದ ಟೀಚರು ಎಂಬುದೆಲ್ಲ ನನಗೆ ತಿಳಿದದ್ದು ಆಗಲೇ. ಮನೆಯಲ್ಲಿ ಹೇಳಿದಾಗ ಧಾರವಾಡದವರಾದ ನನ್ನ ಪತಿ, “ನಮ್ಮವ್ವ ಬಂದು ‘ನೀರು’ ಅಂದಿದ್ರ ಆಕೀಗೂ ತಪ್ಪು ಹಾಕ್ತಿದ್ದೇನು?” ಎಂದರು.

ಮರುದಿನ ವರದಿಯನ್ನು ಹರಿದು, ಮ್ಯಾನೇಜರಿಗೆ ತಪ್ಪೊಪ್ಪಿಕೊಂಡು, ಇನ್ನೂ ನಾಲ್ಕು ವಾರ ಕೇಳಿ ಪಡೆದೆ. ಡಾನಾ ಬರೆದುಕೊಟ್ಟ ಪದಗಳನ್ನು ನಾನೇ ಓದತೊಡಗಿದೆ. ನನ್ನ ಉಚ್ಚಾರಣೆ ಕೇಳಿ ಎವ್ಲಿನ್ ಹುಬ್ಬು ಗಂಟಿಕ್ಕಿದರು. “ನೋ!” ಎಂದರು. ಸ್ಟ್ರೋಕಿನ ನಂತರ ಅವರಾಡಿದ ಮೊದಲ ಇಂಗ್ಲಿಷ್ ಪದ ಅದು. ಆಮೇಲೆ ಕೈಯನ್ನು ಮೇಲೆತ್ತಿ, ಸ್ವರ ಎಲ್ಲಿಗೆ ಏರಬೇಕೆಂದು ತೋರಿಸಿಕೊಟ್ಟರು. ದಡ್ಡ ವಿದ್ಯಾರ್ಥಿನಿಯೊಬ್ಬಳು ಎದುರಿಗೆ ಕುಳಿತದ್ದೇ ತಡ, ಅವರೊಳಗಿನ ಟೀಚರು ಎದ್ದು ಬಂದಿದ್ದರು. ನಾನು ಬೇಕೆಂದೂ ತಪ್ಪುತ್ತಿದ್ದೆ, ಬೇಡವೆಂದರೂ ತಪ್ಪುತ್ತಿದ್ದೆ. ಅವರು ತಿದ್ದುತ್ತಲೇ ಇದ್ದರು. ನಾಲ್ಕು ವಾರ ಏಳು ತಿಂಗಳಾಯಿತು. ನನ್ನ ವೃತ್ತಿಯಲ್ಲಿ ಅಷ್ಟು ನಕ್ಕ ದಿನಗಳು ಮತ್ತೆ ಬರಲಿಲ್ಲ.

ಒಂದು ಶನಿವಾರ, ಮತ್ತೆ ಶುರುವಾದ ತಮ್ಮ ತರಗತಿಗೆ ನನ್ನನ್ನೂ ಕರೆಸಿಕೊಂಡು ಅವರು ತಮ್ಮದೇ ಕವಿತೆಯೊಂದನ್ನು ಓದಿದರು. ಮೂರನೇ ಸಾಲಿನಲ್ಲಿ ತಡವರಿಸಿ ನಿಂತರು. ಕಸುಬಿನ ಚಾಳಿ, ಪದ ಎತ್ತಿಕೊಡಲು ನಾನು ಬಾಯಿ ತೆರೆದೆ. ಡಾನಾ ನನ್ನ ಮೊಣಕೈ ಹಿಡಿದಳು. ಮಕ್ಕಳು ಅಲುಗಾಡದೆ ಕಾದರು. ಎವ್ಲಿನ್ ಕಣ್ಣು ಮುಚ್ಚಿ, ಆ ಪದವನ್ನು ತಾವೇ ಹುಡುಕಿಕೊಂಡು ಸಾಲು ಮುಗಿಸಿದರು.

ನಿವೃತ್ತಿಯವರೆಗೂ ಹೊಸ ರೋಗಿ ಬಂದಾಗ ನಾನು ಫೈಲು ತೆರೆಯುವ ಮೊದಲು ಮನೆಯವರನ್ನು ಕೇಳುತ್ತಿದ್ದೆ: “ಇವರು ಚಿಕ್ಕವರಿದ್ದಾಗ ಇವರಮ್ಮ ಯಾವ ಭಾಷೆಯಲ್ಲಿ ಗದರುತ್ತಿದ್ದರು?” ಕೇಳಿ, ಆ ತರಗತಿಯ ಮಕ್ಕಳಂತೆ ಕಾಯುತ್ತಿದ್ದೆ. ಎಷ್ಟೋ ಸಲ ಉತ್ತರ ಬಂದದ್ದು ರೋಗಿಯಿಂದಲೇ.