ಸೋತವನಿಗೆ ಸಿಕ್ಕ ಬೈಗುಳ

ಲೋಕಲ್ ಬೋರ್ಡ್ ಚುನಾವಣೆಯಲ್ಲಿ ವಿರೋಧ ಪಕ್ಷವಾದ ನಮ್ಮ ಪಕ್ಷದ ಮುಖಂಡ ಎರಡನೆಯ ಸಲ ಸೋತ. ಅವನ ಕೈಕೆಳಗಿದ್ದ ನಾನು, ಇನ್ನು ಮುಖಂಡನ ಜಾಗ ನನ್ನದೇ ಎಂದುಕೊಂಡೆ. ಅವನ ರಾಜೀನಾಮೆಯನ್ನು ನಾನೇ ಬರೆದು, ಸಹಿ ಹಾಕಿಸಲು ಸವಣೂರಿನ ಸಂತೆಗೆ ಹೋದೆ. ಅವನು ವೀಳ್ಯದೆಲೆ ಮಾರುವ ಬಸಪ್ಪನ ಪಕ್ಕ ಕೂತಿದ್ದ.

“ನಿಮಗ ಓಟು ಹಾಕಲಿಲ್ರಿ ನಾ,” ಎಂದ ಬಸಪ್ಪ, ಮುಖಂಡನಿಗೆ.

“ಗೊತ್ತೈತಿ, ಅದಕ್ಕ ಬಂದೇನಿ. ಏನ್ ತಪ್ಪು ಮಾಡೇನಿ, ಹೇಳು.”

“ನಮ್ಮ ಕೆರಿ ಒಡದಾಗ ಧಾರವಾಡದಾಗ ಹಾರ ಹಾಕಿಸ್ಕೊಂಡು ಕುಂತಿದ್ರಿ. ನಾಚಿಕಿ ಬ್ಯಾಡೇನ್ರಿ?”

ಸುತ್ತಲಿನವರೂ ಸೇರಿ ಬೈದರು. ಅವನು ಎಲೆ ಜಗಿಯುತ್ತ ಕೇಳಿಸಿಕೊಂಡ. ಬೈದು ದಣಿದವರೇ ಕೊನೆಗೆ, “ಮುಂದಿನ ಸಲ ಮೊದಲ ನಮ್ಮ ಓಣಿಗೆ ಬರ್ರಿ,” ಎಂದರು.

ಕಾಗದವನ್ನು ನಾನು ಹೊರಗೆ ತೆಗೆಯಲಿಲ್ಲ. ಹೊಟ್ಟೆ ಉರಿಯುತ್ತಿತ್ತು. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಪ್ರಚಾರದಲ್ಲಿ ಗಂಟಲು ಹರಿದುಕೊಂಡವನು ನಾನು. ನನ್ನನ್ನು ಒಬ್ಬನಾದರೂ ಬೈಯಬೇಡವೇ?