ಮಾವ ಮುಟ್ಟದ ಎಲೆ ಅಡಿಕೆ

ನನ್ನ ಸೋದರಮಾವನ ಹಲ್ಲು ಬಲು ಗಟ್ಟಿ. ಯಲಬುರ್ಗಿಯ ತನ್ನ ಅಂಗಡಿಯಲ್ಲಿ ಗಾದಿಯ ಮೇಲೆ ಕೂತು ಅವನು ಅಡಿಕೆ ಕಡಿದರೆ ಬೀದಿಯಾಚೆ ಕೇಳಿಸುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಬಾಯಿಗೆ ಬಂದ ನನ್ನ ತುತ್ತು ತಪ್ಪಿಹೋದದ್ದು ಆ ಹಲ್ಲಿನ ನೆವದಿಂದಲೇ.

ಆಗ ಅವನ ಬಂಡಿ ಹೊಡೆಯುತ್ತಿದ್ದವನು ನಾನು. ತಳಕಲ್ ದಾಟಿ ಒಂದಿಷ್ಟು ದೂರ ಹೋದರೆ ನಿಜಾಮರ ಸರಹದ್ದು ಮುಗಿದು ಇಂಗ್ರೇಜಿ ಸೀಮೆ. ನಡುವೆ ಸುಂಕದ ನಾಕಾ. ಒಂದು ಬೇಸಿಗೆ ನಾಕಾದ ಜವಾನ ಸೀನುತ್ತ ಸೀನುತ್ತಲೇ ನಮ್ಮ ಒಣಮೆಣಸಿನಕಾಯಿ ಚೀಲಗಳನ್ನು ಬಿಚ್ಚಿ, ತಳದಿಂದ ಗಾಂಜಾದ ಗಂಟು ಎಳೆದ. ದೇವರಾಣೆ, ನನಗೆ ಅದರ ಸುಳಿವೂ ಇರಲಿಲ್ಲ. ಸುದ್ದಿ ಕೇಳಿ ಓಡಿಬಂದ ಮಾವ ಠಾಣೆಯ ಹಿತ್ತಲಲ್ಲಿ ನನ್ನ ಎರಡೂ ಕೈ ಹಿಡಿದುಕೊಂಡ.

“ಅಳಿಯಾ, ಆ ಗಂಟು ನಂದು ಅಂತ ನೀನs ಒಪ್ಕೊಂಡುಬಿಡು. ನನಗ ಹೆಂಡ್ರು ಮಕ್ಕಳು ಅದಾರ, ನೀ ಒಂಟಿ. ಹೊರಗ ಬಂದ ಮ್ಯಾಲೆ ನಿನ್ನ ಹೊಣಿ ನಂದು. ಸತ್ತ ನಿಮ್ಮವ್ವನ ಆಣಿ.”

ಅವ್ವ ಹೋದ ಮೇಲೆ ನನ್ನವನು ಅಂತ ಇದ್ದವನು ಅವನೊಬ್ಬನೇ. ಒಪ್ಪಿಕೊಂಡೆ. ಕಲಬುರ್ಗಿಯ ಜೈಲಿನಲ್ಲಿ ಜೋಳ ಬೀಸಿ ಬೀಸಿ ರಟ್ಟೆ ಸೋತರೂ, ಮಾವನ ಮಾತು ನೆನೆದು ಧೈರ್ಯ ತಂದುಕೊಳ್ಳುತ್ತಿದ್ದೆ.

ಬಿಡುಗಡೆಯಾಗಿ ಬಂದಾಗ ಬಂಡಿಯ ಮೇಲೆ ಬೇರೊಬ್ಬನಿದ್ದ. “ಜನ ಬಾಯಿಗೆ ಬಂದಂಗ ಮಾತಾಡ್ತಾರ, ಸ್ವಲ್ಪ ತಡಿ” ಎಂದ ಮಾವ, ನನಗೆ ಹೊರಗಿನ ಕಟ್ಟೆಯ ಮೇಲೆ ಊಟ ಹಾಕಿಸಿದ. ಕುಷ್ಟಗಿಗೆ ಹೋದೆ, ಕನಕಗಿರಿಯ ಸಂತೆಗೆ ಹೋದೆ, ಗಂಗಾವತಿಯ ಅಕ್ಕಿ ಗಿರಣಿಯ ಬಾಗಿಲು ಕಾದೆ. ಎಲ್ಲೆಡೆ ಒಂದೇ ಪ್ರಶ್ನೆ: “ಸಜಾ ಆಗಿತ್ತಂತಲ್ಲ?” ನನ್ನ ಕಾಲಿಗಿಂತ ಮೊದಲು ನನ್ನ ಸುದ್ದಿ ಊರು ಸೇರುತ್ತಿತ್ತು.

ಕೊನೆಗೆ ಕೊಪ್ಪಳದಲ್ಲಿ ಹತ್ತಿಯ ಬೀಜ ಬಿಡಿಸುವ ಜಿನ್ನಿನ ಸಾಹುಕಾರ ಕರೆದು ಕೂಡಿಸಿ ಮಾತಾಡಿಸಿದ. ಸುಗ್ಗಿಯ ಕಾಲ, ಬಂಡಿ ಹೊಡೆಯುವವರು ಬೇಕಿತ್ತು.

“ಗಾಂಜಾದ್ದು ನನಗೂ ಗೊತ್ತೈತಿ ತಮ್ಮಾ. ನಿಮ್ಮ ಮಾವ ಬಂದು ನನ್ನ ತಟ್ಟಿಯೊಳಗಿನ ಎಲಿ ಅಡಿಕಿ ಹಾಕ್ಕೊಳ್ಳಲಿ. ಮರುದಿನ ಎತ್ತು ಹೂಡು.”

ಅವನಲ್ಲಿ ಕೆಲಸಕ್ಕೆ ಸೇರುವವನ ಪರವಾಗಿ ಹಿರಿಯನೊಬ್ಬ ಆ ತಟ್ಟೆಯಿಂದ ಎಲೆ ಎತ್ತಿದರೆ ಮುಗಿಯಿತು, ಅದೇ ಜಾಮೀನು. ಕಾಗದ ಇಲ್ಲ, ಸಹಿ ಇಲ್ಲ. ನಾನು ಯಲಬುರ್ಗಿಗೆ ಹಾರಿಕೊಂಡೇ ಹೋದೆ. ಮಾವ ಹೊಸ ರುಮಾಲು ಸುತ್ತಿಕೊಂಡು ನನ್ನ ಜೊತೆ ಬಂದ. ಬಂದನಲ್ಲ ಎಂದು ಎಷ್ಟು ಹಿಗ್ಗಿದ್ದೆ ನಾನು, ಪೆದ್ದ.

ಇಬ್ಬರೂ ಹತ್ತಿಯ ಧಾರಣೆ ಮಾತಾಡಿದರು, ಮಳೆ ಮಾತಾಡಿದರು. ಆಮೇಲೆ ಸಾಹುಕಾರ ತಟ್ಟೆ ಮುಂದಿಟ್ಟ. ಮಾವ ಎಲೆಯನ್ನು ನೋಡಿದ, ನನ್ನನ್ನು ನೋಡಿದ, ಒಂದೇ ಬೆರಳಿನಿಂದ ತಟ್ಟೆಯನ್ನು ಹಿಂದಕ್ಕೆ ಸರಿಸಿದ.

“ಹಲ್ಲು ಭಾಳ ನೋಯ್ತಾವ್ರಿ ಸಾವ್ಕಾರ್ರ. ಇವತ್ತು ಬ್ಯಾಡ್ರಿ.”

“ಆತು ಬಿಡ್ರಿ” ಎಂದ ಸಾಹುಕಾರ, ನನ್ನ ಮುಖ ನೋಡಲಿಲ್ಲ. ಜಿನ್ನಿನೊಳಗೆ ಯಂತ್ರ ತನ್ನ ಪಾಡಿಗೆ ಓಡುತ್ತಿತ್ತು.

ಮಾವ ನಂಬಿಸಿ ಕತ್ತು ಕೊಯ್ದಿದ್ದ. ನಿನ್ನ ತಪ್ಪು ಒಪ್ಪಿಕೋ ಎಂದು ಅವನನ್ನು ಯಾರೂ ಕೇಳಿರಲಿಲ್ಲ. ಒಂದು ಎಲೆ ಎತ್ತಬೇಕಿತ್ತು, ಅಷ್ಟೇ. ಸ್ಟೇಷನ್ನಿನ ದಾರಿಯಲ್ಲಿ ಬೇವಿನ ನೆರಳು ಸಿಕ್ಕಿತು. ಮಾವ ಕೂತು, ಸೊಂಟದ ಸಂಚಿ ಬಿಚ್ಚಿ, ಎಲೆಗೆ ಸುಣ್ಣ ಸವರಿ, ಇಡೀ ಅಡಿಕೆಯನ್ನು ಬಾಯಿಗೆ ಹಾಕಿ ಕಟಕ್ಕನೆ ಕಡಿದ.

“ಹಲ್ಲು ಹೆಂಗದಾವ ಮಾವಾ?” ಎಂದೆ.

ಅವನು ನಾಚಲಿಲ್ಲ. ಇನ್ನೊಂದು ಎಲೆ ಮಡಿಸಿ ನನ್ನತ್ತ ಚಾಚಿ, ಮಗುವಿಗೆ ತಿಳಿಹೇಳುವವನಂತೆ ಹೇಳಿದ:

“ಸಿಟ್ಟಾಗಬ್ಯಾಡ ಅಳಿಯಾ. ಗಾಂಜಾ ಸಾಗಿಸಿದಾವಗ ಜಾಮೀನು ನಿಂತ್ರ ನನ್ನ ಅಂಗಡಿ ಹೆಸರು ಏನಾಗಬೇಕು, ನೀನs ಹೇಳು.”

ನಾನು ಅವನ ಕಣ್ಣನ್ನೇ ನೋಡಿದೆ. ಅಲ್ಲಿ ಕಪಟವಿರಲಿಲ್ಲ. ಆ ಗಂಟು ಯಾರದೆಂಬುದನ್ನು ಅವನು ನಿಜವಾಗಿಯೂ ಮರೆತಿದ್ದ.