ಲವಂಗ ಹಾಕಿದ ಅಂಟು

ಕಳೆದ ವಾರ ಸಿರುಗುಪ್ಪದ ನಮ್ಮ ಮನೆಯ ಅಟ್ಟದಿಂದ ಹಳೆಯ ಟ್ರಂಕ್ ಇಳಿಸಿದೆ. ಪುಸ್ತಕಗಳ ನಡುವೆ ಸುರುಳಿ ಸುತ್ತಿದ ಒಂದು ಕ್ಯಾಲೆಂಡರ್ ಹಾಳೆ ಸಿಕ್ಕಿತು. ಬಿಚ್ಚಿದ ಕೂಡಲೇ ಲವಂಗದ ವಾಸನೆ... ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣಗೆ. ಮೈದಾ ಅಂಟಿಗೆ ಲವಂಗ ಹಾಕಿ ಕುದಿಸಿದರೆ ಹುಳ ಬರುವುದಿಲ್ಲ ಎಂದು ಮೇಡಂ ಹೇಳುತ್ತಿದ್ದರು. ಹುಳ ಬಂದಿದ್ದವು. ಅಂಚನ್ನೆಲ್ಲ ತಿಂದಿದ್ದವು. ನಡುವೆ ಅಂಟಿಸಿದ್ದ ಕಾಗದದ ತುಂಡುಗಳು ಮಾತ್ರ ಉಳಿದಿದ್ದವು. ಅವುಗಳ ಮೇಲಿದ್ದದ್ದು ನನ್ನದೇ ಅಕ್ಷರ.

ಮೇಡಂ ಈ ಬೇಸಿಗೆಯಲ್ಲಿ ತೀರಿಕೊಂಡರು.

ಬಳ್ಳಾರಿಯಲ್ಲಿ ನಾನು ಎಂ.ಎ. ಓದುವಾಗ ಅವರು ನನ್ನ ಮಾರ್ಗದರ್ಶಕಿಯಾಗಿದ್ದರು. ಅವರ ಊರು ಕುರುಗೋಡು. ಕೊನೆಯ ವರ್ಷ ನಾವೆಲ್ಲ ಒಂದೊಂದು ಸಂಶೋಧನಾ ಪ್ರಬಂಧ ಬರೆಯಬೇಕಿತ್ತು. ಅದರ ಮೇಲೆ ಅವರ ಸಹಿ ಬೀಳದಿದ್ದರೆ ಪದವಿ ಇಲ್ಲ. ನಾನು ಆಗಲೇ ಕಥೆ ಬರೆಯುತ್ತಿದ್ದೆ, ಒಂದೆರಡು ಅಚ್ಚಾಗಿಯೂ ಇದ್ದವು. ಪ್ರಬಂಧವೇನು ಮಹಾ ಎಂದುಕೊಂಡು ಹಚ್ಚೊಳ್ಳಿ ಕಡೆಯ ಭತ್ತ ನಾಟಿಯ ಹಾಡುಗಳನ್ನು ಆರಿಸಿಕೊಂಡೆ. ‘ಕಾಲುವೆ ನೀರಿಗಿಂತ ಮೊದಲು ಗದ್ದೆಗೆ ಇಳಿಯುತ್ತಿದ್ದುದು ಆ ದನಿ’ ಎಂದು ಶುರುಮಾಡಿದ್ದೆ. ಮೇಡಂ ಓದಿ ಕನ್ನಡಕ ತೆಗೆದರು.

“ಚಂದ ಬರದೀಯಮ್ಮ. ಆದ್ರ ಇದನ್ನ ಯಾರು ಹೇಳಿದ್ದು?”

“ನಾನೇ ಮೇಡಂ.”

“ನಿನ್ನ ಯಾರು ಕೇಳ್ಯಾರ?”

ಸಿಟ್ಟಿನಿಂದ ಅಂದದ್ದಲ್ಲ. ಕಣ್ಣಲ್ಲಿ ನಗು ಇತ್ತು. ಆದರೆ ಕೈಯಲ್ಲಿ ಕತ್ತರಿ ಇತ್ತು.

ಅವರ ರೀತಿಯೇ ಹಾಗೆ. ಬರೆದದ್ದನ್ನು ಕೆಂಪು ಪೆನ್ನಿನಿಂದ ಹೊಡೆದುಹಾಕುತ್ತಿರಲಿಲ್ಲ, ಕತ್ತರಿಸುತ್ತಿದ್ದರು. ಒಂದೊಂದು ಮಾತನ್ನೂ ಬೇರೆ ಬೇರೆ ಚೀಟಿ ಮಾಡಿ ತಮ್ಮ ಮನೆಯ ಹೊರಕೋಣೆಯ ನೆಲದ ಬಂಡೆಗಳ ಮೇಲೆ ಸಾಲಾಗಿ ಇಡುತ್ತಿದ್ದರು. ಚೀಟಿ ಹಾರಬಾರದೆಂದು ಫ್ಯಾನ್ ಆರಿಸುತ್ತಿದ್ದರು. ಬಳ್ಳಾರಿಯ ಬಿಸಿಲಿನಲ್ಲಿ, ಫ್ಯಾನಿಲ್ಲದ ಆ ಕೋಣೆಯಲ್ಲಿ ಇಬ್ಬರೂ ಮೊಣಕಾಲೂರಿ ಕೂತು ಯಾವ ಮಾತಿನ ನಂತರ ಯಾವ ಮಾತು ಎಂದು ಹುಡುಕುತ್ತಿದ್ದೆವು. ಆಧಾರವಿದ್ದ ಚೀಟಿಗಳನ್ನು ಹೊಸ ಹಾಳೆಗೆ ಅಂಟಿಸುವುದು, ಇಲ್ಲದವನ್ನು ಪಕ್ಕಕ್ಕೆ ಇಡುವುದು. ನನ್ನವು ಹೆಚ್ಚಾಗಿ ಪಕ್ಕದಲ್ಲೇ ಇರುತ್ತಿದ್ದವು.

ಸೋತು, ಲೈಬ್ರರಿಯ ದಪ್ಪ ಪುಸ್ತಕಗಳ ಭಾಷೆಯಲ್ಲಿ ಬರೆದೆ. ‘ಸದರಿ ಹಾಡುಗಳಲ್ಲಿ ಸ್ತ್ರೀ ಸಂವೇದನೆಯು ಅಭಿವ್ಯಕ್ತಗೊಂಡಿರುವುದು ಕಂಡುಬರುತ್ತದೆ.’

“ಇದೇನವ್ವ, ಪೊಲೀಸರ ಪಂಚನಾಮಿ ಇದ್ದಂಗ ಐತಲ್ಲ,” ಎಂದರು.

ಹಾಗೂ ಸರಿಯಿಲ್ಲ, ಹೀಗೂ ಸರಿಯಿಲ್ಲ. ಸಲ್ಲಿಸುವ ದಿನ ಹತ್ತಿರವಾಗುತ್ತಿತ್ತು. ಓದು ಬಿಟ್ಟುಬಿಡುತ್ತೇನೆ ಎಂದು ಅವ್ವನಿಗೆ ಹೇಳಿಯೂ ಆಗಿತ್ತು. ಡಿಗ್ರಿಗಿಂತ ಹೆಚ್ಚಾಗಿ ಇನ್ನೊಂದು ಭಯವಿತ್ತು. ಅವರು ಹೇಳಿದಂತೆ ಬರೆಯುವುದನ್ನು ಕಲಿತರೆ ನನಗೆ ಮತ್ತೆ ಕಥೆ ಬರೆಯಲು ಬರುತ್ತದೋ ಇಲ್ಲವೋ...

ಒಂದು ದಿನ ಅವರ ಕತ್ತರಿ ‘ಜನಪದದ ಅನಾಮಿಕ ಕಂಠ’ ಎಂಬ ಮಾತಿನ ಹತ್ತಿರ ನಿಂತಿತು.

“ಅನಾಮಿಕ ಅಂತ ಬರದೀ. ಯಾಕ, ಆಕಿಗೆ ಹೆತ್ತವ್ರು ಹೆಸರಿಟ್ಟಿಲ್ಲೇನು?”

“ಇಟ್ಟಿರ್ತಾರ ಮೇಡಂ.”

“ಏನಂತ?”

ನನಗೆ ಗೊತ್ತಿರಲಿಲ್ಲ. ಹಾಡು ಹೇಳಿಕೊಟ್ಟ ಆ ಮುದುಕಿಯ ಎದುರು ಕೂತು, ಆಕೆ ಕೊಟ್ಟ ಚಹಾ ಕುಡಿದು ಹಾಡು ಬರೆದುಕೊಂಡು ಬಂದಿದ್ದೆ. ಎಲ್ಲರೂ ದೊಡ್ಡವ್ವ ಅನ್ನುತ್ತಿದ್ದರು, ನಾನೂ ಅಂದಿದ್ದೆ. ಪುಸ್ತಕಗಳಲ್ಲಿ ಜನಪದ ಹಾಡಿನ ಕೆಳಗೆ ಹೆಸರು ಇರುವುದಿಲ್ಲವಲ್ಲ. ಹಾಗಾಗಿ ಕೇಳಬೇಕೆಂದೇ ತೋಚಿರಲಿಲ್ಲ.

ಮರುದಿನ ಹಚ್ಚೊಳ್ಳಿ ಬಸ್ಸು ಹತ್ತಿದೆ. ದೊಡ್ಡವ್ವ ಗದ್ದೆಯಲ್ಲಿದ್ದಳು. ಹೆಸರು ಕೇಳಿದ್ದಕ್ಕೆ ಸೊಂಟ ನೆಟ್ಟಗೆ ಮಾಡಿ ನಿಂತಳು.

“ಹಾಡು ಒಯ್ದಿ, ಈಗ ಹೆಸರೂ ಬೇಕೇನವ್ವ? ರೇಷನ್ ಕಾರ್ಡ್ ಮಾಡಿಸಿ ಕೊಡ್ತೀಯೇನು?”

ಜೊತೆಯ ಹೆಂಗಸರೆಲ್ಲ ನಕ್ಕರು. ಆಕೆ ಬದುವಿಗೆ ಬಂದು, ಕೆಸರಿನ ಕೈಯನ್ನು ಸೀರೆಗೆ ಒರೆಸಿಕೊಂಡಳು. “ಹುಲಿಗೆಮ್ಮ ಅಂತ ಬರಕೋ,” ಎಂದಳು. ಆಮೇಲೆ ಮೆಲ್ಲಗೆ ಕೇಳಿದಳು, “ಹಾಡು ಕಲಿಸಿದಾಕಿ ನಮ್ಮವ್ವ. ಆಕಿ ಹೆಸರೂ ಬರೀತೀಯೇನು?”

ಬರೆದೆ. ಊರು ಬರೆದೆ, ತಾಯಿ ಮಗಳಿಗೆ ಯಾವ ಗದ್ದೆಯಲ್ಲಿ ಕಲಿಸಿದಳು ಎಂಬುದನ್ನೂ ಬರೆದೆ. ಪ್ರಬಂಧದಲ್ಲಿ ಅದೆಲ್ಲ ಪುಟದ ಕೆಳಗೆ, ಅಡಿಟಿಪ್ಪಣಿಯಾಗಿ ಹೋಯಿತು. ಮೇಡಂ ಆ ಟಿಪ್ಪಣಿಯನ್ನು ಗಟ್ಟಿಯಾಗಿ ಓದಿದರು. ಆಮೇಲೆ ಎದ್ದು ಫ್ಯಾನ್ ಹಾಕಿದರು. ಕೆಲಸ ಮುಗಿಯಿತು ಎಂದು ನನಗೆ ಗೊತ್ತಾದದ್ದು ಹಾಗೆ.

ಸಹಿ ಮಾಡಿದ ದಿನ ಈ ಕ್ಯಾಲೆಂಡರ್ ಹಾಳೆ ಕೊಟ್ಟರು. ಪಕ್ಕಕ್ಕೆ ಇಟ್ಟ ನನ್ನ ಚೀಟಿಗಳಲ್ಲಿ ಒಂದನ್ನೂ ಎಸೆಯದೆ, ಎಲ್ಲವನ್ನೂ ಹಾಳೆಯ ಹಿಂಬದಿಗೆ ಅಂಟಿಸಿದ್ದರು. ಕಾಲುವೆ ನೀರು, ಆ ದನಿ, ಎಲ್ಲ.

“ಇವು ಕೆಟ್ಟಾವು ಅಂತಲ್ಲವ್ವ. ಅಲ್ಲಿ ಕುಂದ್ರಂಗಿಲ್ಲ, ಅಷ್ಟ. ಕಥೀ ಬರಿ.”

ಬರೆದೆ. ಈಗಲೂ ಬರೆಯುತ್ತೇನೆ. ಹುಲಿಗೆಮ್ಮ ಹೋಗಿ ಬಹಳ ವರ್ಷವಾಯಿತು. ಆಕೆಯನ್ನೇ ನೆನೆದು ಬರೆದ ನನ್ನ ಕಥೆಯಲ್ಲಿ ಆಕೆ ಬರೀ ಒಬ್ಬ ಮುದುಕಿ. ಆಕೆಯ ಹೆಸರು, ಆಕೆಯ ಅವ್ವನ ಹೆಸರು ಇಲ್ಲಿಯವರೆಗೆ ದಾಖಲಾಗಿರುವುದು ಆ ಒಣ ಪ್ರಬಂಧದ ಪುಟದ ಕೆಳಗೆ ಮಾತ್ರ.

ಈ ತಿಂಗಳು ಮೇಡಂ ನೆನಪಿಗೆ ಒಂದು ಸಂಚಿಕೆ ತರುತ್ತಿದ್ದೇವೆ, ಅವರ ಸಂಶೋಧನೆಯ ಬಗ್ಗೆ ಲೇಖನ ಕೊಡಿ ಎಂದು ಹಳೆಯ ವಿದ್ಯಾರ್ಥಿಗಳು ಕೇಳಿದರು. ಮತ್ತೆ ಅದೇ ಕಷ್ಟ. ಎಷ್ಟೋ ಸಲ ಹರಿದು ಬರೆದೆ. ಕೊನೆಗೆ ಅವರು ಕಲಿಸಿದಂತೆ, ಮಾತು ಮಾತಿಗೂ ಆಧಾರ ಕೊಟ್ಟು ಮುಗಿಸಿದೆ. ಅವರ ಪೂರ್ತಿ ಹೆಸರು, ಊರು, ಪುಸ್ತಕಗಳು ಎಲ್ಲ ಅದರಲ್ಲಿವೆ. ಲವಂಗಕ್ಕೆ, ಕತ್ತರಿಗೆ, ಆರಿಸಿದ ಫ್ಯಾನಿಗೆ ಅಲ್ಲಿ ಜಾಗವಿರಲಿಲ್ಲ. ಹಾಗೆ ಪಕ್ಕಕ್ಕೆ ಉಳಿದ ಚೀಟಿಗಳೇ ಈ ಬರಹ.

ಇದನ್ನೆಲ್ಲ ಯಾರು ಹೇಳಿದ್ದು ಎಂದರೆ, ನಾನೇ ಮೇಡಂ.

‘ನಿನ್ನ ಯಾರು ಕೇಳ್ಯಾರ’ ಅನ್ನಲು ಈಗ ಯಾರೂ ಇಲ್ಲ.